ಕಾಪು ಲೈಟ್‌ಹೌಸ್: ಆಗ ಬಸ್ಸಿನಲ್ಲಿ, ಈಗ ಕಾರಿನಲ್ಲಿ

ಬಳ್ಳಾರಿ ಕಡೆಯವರಿಗೆ ಸಮುದ್ರದ ಗರಜು ಹೆಚ್ಚಿಲ್ಲ. ನಮ್ಮ ನೀರಿನ ಲೆಕ್ಕವೆಲ್ಲ ತುಂಗಭದ್ರೆ, ಹಗರಿ ಮತ್ತು ಕಾಲುವೆಯಲ್ಲೇ ಮುಗಿಯುತ್ತದೆ. ಸಿರುಗುಪ್ಪದ ರೈತನಿಗೆ ಕೆಳಮಟ್ಟದ ಕಾಲುವೆಗೆ ಯಾವತ್ತು ನೀರು ಬಿಡುತ್ತಾರೆ ಎಂಬುದು ಮುಖ್ಯ, ಭತ್ತ ನಾಟಿ ಮಾಡುವುದು ಅದರ ಮೇಲೆ. ದೋಣಿ ಎಂದರೆ ನಮಗೆ ಹರಿಗೋಲು. ಎತ್ತರ ಎಂದರೆ ಬಳ್ಳಾರಿ ಗುಡ್ಡ, ಕುರುಗೋಡಿನ ಗುಡ್ಡ. ಅಲೆ, ಬಂದರು, ಹಡಗು ಇವೆಲ್ಲ ಸಮಾಜ ಪಾಠದ ಪುಸ್ತಕದೊಳಗೆ ಇದ್ದವು. ಹೀಗಾಗಿ ನಮ್ಮ ತಲೆಮಾರಿನ ಹೆಚ್ಚಿನವರು ಸಮುದ್ರವನ್ನು ಮೊದಲು ನೋಡಿದ್ದು ಹೈಸ್ಕೂಲಿನ ಪ್ರವಾಸದಲ್ಲಿ. ಲೈಟ್‌ಹೌಸ್ ಹತ್ತಿದ್ದೂ ಆವಾಗಲೇ. ನಾನು ಹತ್ತಿದ್ದು ಕಾಪುವಿನದು.

1986ರ ಡಿಸೆಂಬರ್. ನಾನಾಗ ಕುರುಗೋಡಿನಲ್ಲಿ ಒಂಬತ್ತನೇ ಕ್ಲಾಸು. ಪ್ರವಾಸದ ವಂತಿಗೆ ತಲಾ ನೂರಿಪ್ಪತ್ತು ರೂಪಾಯಿ ಎಂದು ನೋಟಿಸು ಓದಿದ ಮೇಲೆ ಕ್ಲಾಸು ಎರಡು ಭಾಗವಾಯಿತು. ಕಾಲುವೆ ಕೆಳಗೆ ಹೊಲವಿದ್ದವರ, ಅಂಗಡಿಯವರ, ನೌಕರರ ಮಕ್ಕಳು ಹೊರಟರು. ಕಲ್ಲು ಒಡೆಯುವವರ, ಕೂಲಿಗೆ ಹೋಗುವವರ ಮಕ್ಕಳು ಉಳಿದರು. ಹುಡುಗಿಯರಲ್ಲಿ ಹೊರಟವರು ಬೆರಳೆಣಿಕೆಯಷ್ಟು. ಮನೆಯಲ್ಲಿ ಕೇಳಿ ಬೈಸಿಕೊಳ್ಳುವುದಕ್ಕಿಂತ ಕೇಳದಿರುವುದೇ ವಾಸಿ ಎಂದು ಉಳಿದವರು ಸುಮ್ಮನಾಗಿದ್ದರು. ಇದನ್ನು ಆಗ ಯಾರೂ ಅನ್ಯಾಯ ಎಂದು ಕರೆಯಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಎನ್ನುವವರು ಬಸ್ಸು ಹತ್ತದೆ ಉಳಿದವರನ್ನು ಒಮ್ಮೆ ಕೇಳಿ ನೋಡಬೇಕು.

ಬಸ್ಸು ಹೊರಟಿದ್ದು ದೊಡ್ಡಬಸವೇಶ್ವರ ಗುಡಿಯ ಮುಂದೆ ಕಾಯಿ ಒಡೆದು. ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಎರಡು ಚೀಲ ಮಂಡಕ್ಕಿ, ಅಡುಗೆಯ ಪಾತ್ರೆ, ಒಬ್ಬ ಅಡುಗೆಯವರು, ಮೂವರು ಮೇಷ್ಟ್ರು. ಕುಡತಿನಿ, ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹರಿಹರ, ಶಿವಮೊಗ್ಗ. ಒಂದು ಹಗಲು ಪೂರ್ತಿ ರಸ್ತೆಯಲ್ಲೇ ಹೋಯಿತು. ಡಿಸೆಂಬರ್ ಆದ್ದರಿಂದ ಜೋಗದಲ್ಲಿ ನೀರಿಗಿಂತ ಬಂಡೆ ಜಾಸ್ತಿ ಕಾಣಿಸಿತು. ಬಯಲಿನ ನೇರ ರಸ್ತೆಗೆ ಹೊಂದಿಕೊಂಡ ಹೊಟ್ಟೆಗಳು ಕೊಲ್ಲೂರು ಘಾಟಿಯ ತಿರುವುಗಳಲ್ಲಿ ಕೈಕೊಟ್ಟವು. ಬಸ್ಸಿನ ಎರಡೂ ಬದಿ ಮಾರನೇ ದಿನ ತೊಳೆಯಬೇಕಾಯಿತು. ಕೆಳಗಿಳಿದ ಮೇಲೆ ಗಾಳಿಯೇ ಬೇರೆ. ಡಿಸೆಂಬರ್‌ನಲ್ಲೂ ಅಂಗಿ ಮೈಗೆ ಅಂಟುವಂಥ ಸೆಕೆ ನಾವು ಕಂಡಿರಲಿಲ್ಲ. ನಮ್ಮ ಬಿಸಿಲು ಸುಡುತ್ತದೆ, ಹೀಗೆ ಬೇಯಿಸುವುದಿಲ್ಲ.

ಉಡುಪಿ ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿಂದ ತೆಂಕಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಬಂದರೆ ಕಾಪು. ಈಗಿನ ರಾಷ್ಟ್ರೀಯ ಹೆದ್ದಾರಿ 66 ಆಗ 17ನೇ ನಂಬರಿನದು. ಎದುರಿನಿಂದ ಬಸ್ಸು ಬಂದರೆ ಎರಡೂ ಚಕ್ರ ಮಣ್ಣಿಗೆ ಇಳಿಸಬೇಕಾದಷ್ಟು ಅಗಲ. ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿ ತೆಂಗಿನ ತೋಟಗಳ ನಡುವೆ ಸಾಗಿದರೆ ಒಮ್ಮೆಲೇ ಮರಳು, ಅದರಾಚೆ ಕರಿ ಬಂಡೆ, ಬಂಡೆಯ ಮೇಲೆ ದುಂಡನೆಯ ಗೋಪುರ. ದಡದಲ್ಲಿ ಬಲೆ ಒಣಗಿಸುತ್ತಿದ್ದ ಮೊಗವೀರರ ಹೊರತು ಮತ್ತಾರೂ ಇರಲಿಲ್ಲ. ಅಂಗಡಿಯಂಥದ್ದೇನಾದರೂ ಇದ್ದಿದ್ದರೆ ನಮ್ಮ ಹುಡುಗರು ಕಂಡುಹಿಡಿಯದೆ ಬಿಡುತ್ತಿರಲಿಲ್ಲ.

ಬಂಡೆಗೆ ಹತ್ತಲು ಮೆಟ್ಟಿಲು, ಗೋಪುರದೊಳಗೆ ಸುತ್ತು ಮೆಟ್ಟಿಲು, ಕೊನೆಗೆ ಕಡಿದಾದ ಏಣಿ. ಮೇಲಿದ್ದ ನೌಕರರು ಕೇರಳದವರು, ಹರಕು ಕನ್ನಡದಲ್ಲೇ ಎಲ್ಲವನ್ನೂ ವಿವರಿಸಿದರು. ದೀಪದ ಸುತ್ತ ಪಟ್ಟೆ ಪಟ್ಟೆಯಾಗಿ ಜೋಡಿಸಿದ ದಪ್ಪ ಗಾಜು. ಆ ಗಾಜಿನ ಕೋಣೆಗೆ ಹಗಲು ಹೊತ್ತು ಪರದೆ ಎಳೆದಿದ್ದರು. ಯಾಕೆಂದು ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿದರು. ನೌಕರರು ಪರದೆಯನ್ನು ಒಂದು ಗೇಣು ಸರಿಸಿ, ಬಿಸಿಲು ಬೀಳುವಲ್ಲಿ ನಮ್ಮಲ್ಲೊಬ್ಬನ ಕೈ ಹಿಡಿಸಿದರು. ಹುಡುಗ ಚಟ್ಟನೆ ಕೈ ಕಿತ್ತುಕೊಂಡ. ಒಳಗಿನ ದೀಪದ ಬೆಳಕನ್ನು ಒಟ್ಟುಗೂಡಿಸಿ ಹೊರಗೆ ಕಳಿಸುವ ಗಾಜು ಹೊರಗಿನ ಸೂರ್ಯನನ್ನೂ ಹಾಗೇ ಒಟ್ಟುಗೂಡಿಸಿ ಒಳಗೆ ಕಳಿಸುತ್ತದೆ, ಪರದೆ ಮರೆತರೆ ದೀಪವೇ ಸುಟ್ಟುಹೋಗುತ್ತದೆ. ಇಂಥ ಗಾಜಿನ ಜೋಡಣೆಯನ್ನು 1820ರ ದಶಕದಲ್ಲಿ ರೂಪಿಸಿದವರು ಫ್ರಾನ್ಸಿನ ಫ್ರೆನೆಲ್ ಎಂದು ಮೇಷ್ಟ್ರು ಅಲ್ಲೇ ಪಾಠ ಶುರು ಮಾಡಿದರು. ಕ್ಲಾಸಿನಲ್ಲಿ ವಾರಗಟ್ಟಲೆ ಹೇಳಿದರೂ ತಲೆಗೆ ಹತ್ತದ ಬೆಳಕಿನ ವಕ್ರೀಭವನ ಆ ಹುಡುಗನ ಅಂಗೈಯಿಂದ ಎಲ್ಲರಿಗೂ ಅರ್ಥವಾಯಿತು.

ಇನ್ನೊಂದು ಸಂಗತಿಯನ್ನೂ ಆ ನೌಕರರೇ ಹೇಳಿದ್ದು. ಕರಾವಳಿಯ ಯಾವ ಎರಡು ಅಕ್ಕಪಕ್ಕದ ಲೈಟ್‌ಹೌಸ್‌ಗಳೂ ಒಂದೇ ರೀತಿ ಮಿನುಗುವುದಿಲ್ಲ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಎಂಬುದು ಪ್ರತಿಯೊಂದಕ್ಕೂ ಗೊತ್ತುಮಾಡಿದ ಲೆಕ್ಕ. ಅದು ಹಡಗಿನವರ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಕತ್ತಲಲ್ಲಿ ಗಡಿಯಾರ ಹಿಡಿದು ಎಣಿಸಿದರೆ ಎದುರಿಗಿರುವುದು ಕಾಪುವೋ ಬೇರೆ ಊರೋ ಎಂಬುದು ತಿಳಿಯುತ್ತದೆ.

ನಮ್ಮ ಹುಡುಗರು ಯಾವುದನ್ನೂ ಊರಿನ ಜೊತೆ ಹೋಲಿಸದೆ ಬಿಡುವವರಲ್ಲ. "ಸರ್, ಇದು ಬಳ್ಳಾರಿ ಗುಡ್ಡಕ್ಕಿಂತ ಭಾಳ ಗಿಡ್ಡ ಐತಲ್ರೀ" ಎಂದ ಒಬ್ಬ. ಮೇಷ್ಟ್ರು, "ಗುಡ್ಡದ ಮ್ಯಾಲಿನ ಕ್ವಾಟೆ ಬ್ಯಾರೆಯವರನ್ನ ನೋಡಾಕ ಕಟ್ಟಿದ್ದಲೇ, ಇದು ಬ್ಯಾರೆಯವರಿಗೆ ಕಾಣ್ಲಿ ಅಂತ ಕಟ್ಟಿದ್ದು" ಎಂದರು. ಗೋಪುರದ ಎತ್ತರ ಸುಮಾರು 27 ಮೀಟರ್. ಮರಳಿನ ಮೇಲೆ ನಿಂತವನಿಗೆ ಐದು ಕಿಲೋಮೀಟರಿನೊಳಗೇ ಮುಗಿಯುವ ಸಮುದ್ರ ಅಷ್ಟು ಎತ್ತರಕ್ಕೆ ಹೋದರೆ ಹದಿನೆಂಟು ಕಿಲೋಮೀಟರಿನವರೆಗೆ ಕಾಣುತ್ತದೆ. ಹಡಗಿನ ಮೇಲಟ್ಟದಲ್ಲಿ ನಿಂತವನ ಎತ್ತರವನ್ನೂ ಸೇರಿಸಿದರೆ ದೀಪ ಅದಕ್ಕಿಂತಲೂ ದೂರದಿಂದ ಕಾಣುತ್ತದೆ. ಭೂಮಿ ಗುಂಡಗಿದೆ ಎಂಬುದಕ್ಕೆ ಇದೇ ಪುರಾವೆ ಎಂದು ಮೇಷ್ಟ್ರು ಮುಗಿಸಿದರು. ನಾವು ಆಗಲೇ ನೀರಿಗಿಳಿಯುವ ಅವಸರದಲ್ಲಿದ್ದೆವು.

ಕಾಪು ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಆ ಇಸವಿಯಲ್ಲಿ ಕಾಪು ಮತ್ತು ಬಳ್ಳಾರಿ ಒಂದೇ ಸರ್ಕಾರದ ಕೈಯಲ್ಲಿದ್ದವು ಎಂಬುದು ನಮ್ಮ ಕಡೆ ಬಹಳ ಮಂದಿಗೆ ನೆನಪಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಪಾಲಾಯಿತು. ಮರು ವರ್ಷ ನಿಜಾಮ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟ. ಎರಡೂ ಮದ್ರಾಸಿಗೆ ಸೇರಿದವು. 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿಗೆ ಕೊಟ್ಟರೂ ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಕಾಪುವಿನ ಬಂಡೆಯ ಮೇಲೆ ಕಲ್ಲು ಕೂರಿಸುವಾಗ ಬಳ್ಳಾರಿಯ ಕಲೆಕ್ಟರಿಗೂ ಮಂಗಳೂರಿನ ಕಲೆಕ್ಟರಿಗೂ ಒಬ್ಬರೇ ಗವರ್ನರ್. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ದಕ್ಷಿಣ ಕೆನರಾ ಸೇರಿದ್ದು 1956ರ ನವೆಂಬರ್ 1ರಂದು. ಮುಂದೆ 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿ ಓದಿದಾಗ ಕುರುಗೋಡು ಮತ್ತು ಕಾಪು ಒಂದೇ ಪಟ್ಟಿಯಲ್ಲಿದ್ದವು. ಆಡಳಿತದ ಕಾಗದದಲ್ಲಿ ನಮಗೂ ಅವರಿಗೂ ಹೀಗೆ ಅಲ್ಲಲ್ಲಿ ನೆಂಟಸ್ತನ.

ಮೊದಲ ದಿನಗಳ ಲೈಟ್‌ಹೌಸ್ ಕೆಲಸ ಸುಖದ್ದಲ್ಲ. ಬತ್ತಿ ದೀಪಕ್ಕೆ ಎಣ್ಣೆ ಹೊತ್ತುಕೊಂಡು ಮೇಲೆ ಹೋಗಬೇಕು. ಗಾಜಿಗೆ ಹಿಡಿದ ಮಸಿ, ಉಪ್ಪು ದಿನಾ ಒರೆಸಬೇಕು. ಆಮೇಲೆ ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲ್ ಉರಿಸುವ ದೀಪ ಬಂತು, ನಮ್ಮ ಜಾತ್ರೆಗಳಲ್ಲಿ ತಲೆ ಮೇಲೆ ಹೊತ್ತು ನಡೆಯುತ್ತಿದ್ದ ಪೆಟ್ರೋಮ್ಯಾಕ್ಸಿನ ದೊಡ್ಡಣ್ಣನಂಥದ್ದು. ಗಾಜು ತಿರುಗಿಸುವುದಕ್ಕೆ ಅನೇಕ ಕಡೆ ಗಡಿಯಾರದ ರೀತಿಯ ಯಂತ್ರ, ಅದಕ್ಕೆ ತೂಗುಬಿಟ್ಟ ಭಾರ. ಭಾರ ಕೆಳಗಿಳಿಯುತ್ತಲೇ ಮತ್ತೆ ಮೇಲಕ್ಕೆ ಸುತ್ತಬೇಕು. ರಾತ್ರಿ ನಿದ್ದೆ ಮಾಡಿದರೆ ದೀಪ ನಿಂತಲ್ಲೇ ನಿಲ್ಲುತ್ತದೆ. ಕರೆಂಟು ಬಂದ ಮೇಲೆ ಈ ಕಷ್ಟ ಹೋಯಿತು. ಅದನ್ನು ನೆನೆದು ಹಳಹಳಿಸಲು ಕಾರಣವಿಲ್ಲ.

ನಾನು ಮತ್ತೆ ಕಾಪುವಿಗೆ ಹೋಗುವ ಮೊದಲು ನಮ್ಮ ಜಿಲ್ಲೆಗೂ ಸಮುದ್ರಕ್ಕೂ ಬೇರೊಂದು ಸಂಬಂಧ ಬೆಳೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರಿತು, ಬೆಲೆ ನೆಗೆಯಿತು. ಸಂಡೂರು, ಹೊಸಪೇಟೆಯ ಗುಡ್ಡಗಳಿಂದ ಅದಿರು ಲಾರಿಗಳು ಮಂಗಳೂರಿಗೆ, ಕಾರವಾರಕ್ಕೆ, ಬೇಲೆಕೇರಿಗೆ ಸಾಲುಗಟ್ಟಿದವು. ಗಣಿ ಇಲ್ಲದ ಊರುಗಳೂ ಇದರಿಂದ ಹೊರಗೆ ಉಳಿಯಲಿಲ್ಲ. ಕುರುಗೋಡು, ಸಿರುಗುಪ್ಪ ಕಡೆ ಎರಡು ಎಕರೆ ಮಾರಿ ಮುಂಗಡ ಕಟ್ಟಿ ಫೈನಾನ್ಸಿನಲ್ಲಿ ಲಾರಿ ತಂದವರು ಇದ್ದಾರೆ. ಹೊಲದ ಕೂಲಿ ಬಿಟ್ಟು ಕ್ಲೀನರ್ ಆದ ಹುಡುಗರಿದ್ದಾರೆ. ಪ್ರವಾಸಕ್ಕೆ ನೂರಿಪ್ಪತ್ತು ರೂಪಾಯಿ ಹೊಂದಿಸಲಾಗದೆ ಉಳಿದ ಮನೆಗಳ ಹುಡುಗರು ಕರಾವಳಿ ಕಂಡದ್ದು ಆವಾಗ, ಲಾರಿಯ ಮುಂದಿನ ಗಾಜಿನಿಂದ.

ನನ್ನ ಸೋದರಮಾವನ ಮಗನೊಬ್ಬ ಆ ವರ್ಷಗಳಲ್ಲಿ ಬೇಲೆಕೇರಿಗೆ ಲಾರಿ ಓಡಿಸಿದವನು. ಸಮುದ್ರ ಹೆಂಗಿತ್ತೋ ಎಂದು ಒಮ್ಮೆ ಕೇಳಿದ್ದೆ. "ಸಮುದ್ರ ಯಾರು ನೋಡ್ಯಾರಣ್ಣ, ನಾವು ನೋಡಿದ್ದು ಲಾರಿ ಸಾಲು. ಅನ್‌ಲೋಡ್ ಆದ್ರ ಸಾಕು ಅಂತ ಕಾಯಾದು, ಆದ ಕೂಡ್ಲೆ ವಾಪಸ್ ತಿರುಗಾದು" ಎಂದ. ವರ್ಷಗಟ್ಟಲೆ ಹೋಗಿಬಂದರೂ ಉಪ್ಪುನೀರಿಗೆ ಕಾಲಿಟ್ಟವನಲ್ಲ. ಟ್ರಿಪ್ಪಿನ ಮೇಲೆ ಸಂಬಳ ಇರುವವನಿಗೆ ಕಾಲು ತೊಯ್ಯಿಸಿಕೊಳ್ಳುವ ಪುರುಸೊತ್ತು ಎಲ್ಲಿ?

2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಹಡಗು ಹತ್ತಿ ಹೋಗಿಬಿಟ್ಟಿತ್ತು ಎಂಬುದು ಹೊರಬಿತ್ತು. ಅದೇ ವರ್ಷ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ಊರ ಹೊರಗಿನ ಬಯಲುಗಳಲ್ಲಿ ಸಾಲಾಗಿ ನಿಂತವು. ಕಂತು ಕಟ್ಟಲಾಗದವರ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಮಾರಿದ ಎರಡು ಎಕರೆ ಯಾರಿಗೂ ವಾಪಸ್ ಬರಲಿಲ್ಲ.

ಈ ಕಥೆಯಲ್ಲಿ ಲೈಟ್‌ಹೌಸಿಗೂ ಒಂದು ಪಾತ್ರ ಉಂಟು. ನಮ್ಮ ದೇಶದ ಬಂದರಿಗೆ ಬರುವ ವಿದೇಶಿ ಹಡಗು ತನ್ನ ಗಾತ್ರಕ್ಕೆ ತಕ್ಕಂತೆ ದೀಪದ ಸುಂಕ ಕಟ್ಟಬೇಕು. 1927ರ ಲೈಟ್‌ಹೌಸ್ ಕಾಯ್ದೆಯಿಂದ ಬಂದ ಪದ್ಧತಿ ಇದು. ಆ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆ ಬಂದರೂ ಸುಂಕ ಉಳಿದಿದೆ. ದೇಶದ ಇನ್ನೂರಕ್ಕೂ ಹೆಚ್ಚು ದೀಪಸ್ತಂಭಗಳ ದುರಸ್ತಿ, ಬಣ್ಣ, ಸಂಬಳ ನಡೆಯುವುದು ಈ ದುಡ್ಡಿನಲ್ಲಿ. ನಮ್ಮ ಗುಡ್ಡ ಕರಗಿ ಹಡಗು ಹತ್ತಿದಾಗಲೂ ಹಡಗಿನವರು ದೀಪಕ್ಕೆ ಕೊಡಬೇಕಾದ್ದನ್ನು ಕೊಟ್ಟೇ ಹೋಗಬೇಕಿತ್ತು. ಗುಡ್ಡ ಕೊಟ್ಟ ಊರಿನ ರಸ್ತೆಗೆ ಉಳಿದಿದ್ದು ಕೆಂಪು ಧೂಳು.

ಕಳೆದ ಡಿಸೆಂಬರಿನಲ್ಲಿ ಹೆಂಡತಿ, ಮಗನ ಜೊತೆ ಕಾರಿನಲ್ಲಿ ಹೋದೆ. ಬಳ್ಳಾರಿ ಬಿಟ್ಟು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದಾಟುವುದಕ್ಕೆ ಮೊದಲೇ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅದು 1,700 ಮೆಗಾವಾಟಿನದು. 1986ರಲ್ಲಿ ಬಸ್ಸು ಅದೇ ಕುಡತಿನಿ ದಾಟಿದಾಗ ಅಲ್ಲಿ ಜಾಲಿ ಗಿಡಗಳಿದ್ದವು. ಹೊಸಪೇಟೆಯಿಂದ ಚಿತ್ರದುರ್ಗದವರೆಗೆ ನಾಲ್ಕು ಪಥದ ರಸ್ತೆ, ಆಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ದೊಡ್ಡ ಬಸ್ಸು ಇಳಿಯಲಾರದ ಆಗುಂಬೆಯ ತಿರುವುಗಳಲ್ಲಿ ಕಾರು ಸಲೀಸಾಗಿ ಇಳಿಯಿತು. ಬೆಳಗಿನ ಜಾವ ಹೊರಟವರು ಸಂಜೆಯೊಳಗೆ ಕಾಪುವಿನಲ್ಲಿದ್ದೆವು. ಯಾರೂ ವಾಂತಿ ಮಾಡಿಕೊಳ್ಳಲಿಲ್ಲ. ರಸ್ತೆಯ ವಿಷಯದಲ್ಲಿ ಹಳೆಯದನ್ನು ಹೊಗಳುವವರ ಮಾತು ನನಗೆ ಹಿಡಿಸುವುದಿಲ್ಲ.

ಕಾಪು ಪೇಟೆಯೂ ಗುರುತು ಹತ್ತಲಿಲ್ಲ. ಹೆದ್ದಾರಿ ಊರನ್ನು ಸೀಳಿಕೊಂಡು ಹೋಗಿದೆ. ಹೊಸ ಮಾರಿಗುಡಿಯನ್ನು ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಹೊಸದಾಗಿ ಕಟ್ಟಿದ್ದಾರೆ, 2025ರಲ್ಲಿ ಬ್ರಹ್ಮಕಲಶೋತ್ಸವ ಆಯಿತು. ನಮ್ಮ ಕಡೆಯ ಕಲ್ಲು ಘಟ್ಟ ಇಳಿದು ಇಷ್ಟು ದೂರ ಬಂದಿರುವುದನ್ನು ನೋಡಿ ಮಗನಿಗೆ ತೋರಿಸಿದೆ. ಬೀಚಿನ ಹತ್ತಿರ ಪಾರ್ಕಿಂಗಿಗೆ ದುಡ್ಡು, ಚುರುಮುರಿ, ಐಸ್‌ಕ್ರೀಂ, ಗೋಬಿ ಮಂಚೂರಿ, ಸೀಟಿ ಊದುವ ಜೀವರಕ್ಷಕರು. ಬಲೆ ಒಣಗಿಸುತ್ತಿದ್ದ ಜಾಗದಲ್ಲಿ ಮಕ್ಕಳು ಕಾರಂಜಿಯಂತೆ ಬೆಳಗುವ ಪ್ಲಾಸ್ಟಿಕ್ ಆಟಿಕೆಗಳನ್ನು ಮೇಲಕ್ಕೆ ಹಾರಿಸುತ್ತಿದ್ದರು. ನಾಲ್ಕು ದಿಕ್ಕಿನ ಕನ್ನಡವೂ ಕಿವಿಗೆ ಬಿತ್ತು. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು, ನಮ್ಮದೂ ಸೇರಿ.

ಬಂಡೆ ಅದೇ, ಗೋಪುರವೂ ಅದೇ. ಸುಣ್ಣ ಬಣ್ಣ ಆಗಿತ್ತು, ಕಂಬಿಗಳು ಗಟ್ಟಿಯಾಗಿದ್ದವು. ಸಂಜೆ ಕೆಲ ಹೊತ್ತು ಮಾತ್ರ ಜನರನ್ನು ಬಿಡುತ್ತಾರೆ, ಟಿಕೆಟ್ಟಿನ ದರ ಒಂದು ಚಹಾದ ಬೆಲೆಗಿಂತ ಹೆಚ್ಚೇನಿಲ್ಲ. ಬಾಗಿಲಲ್ಲಿ ನಿಂತ ಸಿಬ್ಬಂದಿ ಕೆಳಗಿಳಿದಷ್ಟೇ ಜನರನ್ನು ಮೇಲಕ್ಕೆ ಬಿಡುತ್ತಿದ್ದರು. ಯಾರೋ ತಾವು ದೊಡ್ಡವರ ಕಡೆಯವರು ಎಂದು ಫೋನ್ ಹಚ್ಚಿ ಅವರ ಕೈಗೆ ಕೊಡಲು ಹೋದರು. ಅವರು ಫೋನ್ ಮುಟ್ಟಲಿಲ್ಲ. "ಮೇಲೆ ಜಾಗ ಇರುವುದು ಇಷ್ಟೇ ಮಾರಾಯ್ರೆ, ಬಿದ್ದರೆ ನಾನು ಉತ್ತರ ಕೊಡಬೇಕು" ಎಂದರು. ಆ ಒಂದು ಮಾತಿಗೆ ನನಗೆ ಟಿಕೆಟ್ಟಿನ ದುಡ್ಡು ಸಂದಾಯವಾಯಿತು.

ಮೇಲೆ ನಿಂತರೆ ಪಡುವಣದಲ್ಲಿ ಟ್ರಾಲ್ ದೋಣಿಗಳು, ಒಂದು ಮಗ್ಗುಲಲ್ಲಿ ಹಿನ್ನೀರು, ಬೆನ್ನಿಗೆ ತೆಂಗಿನ ತಲೆಗಳು, ಅವುಗಳ ನಡುವೆ ಎದ್ದಿರುವ ಹೊಸ ಮನೆಗಳು. ಆಗ್ನೇಯಕ್ಕೆ ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ. ಹಡಗಿನಲ್ಲಿ ಬಂದ ಕಲ್ಲಿದ್ದಲಿನಿಂದ ನಡೆಯುವ 1,200 ಮೆಗಾವಾಟಿನ ಸ್ಥಾವರ ಅದು. ಹೊರಟಲ್ಲಿ ಒಂದು ಚಿಮಣಿ, ಮುಟ್ಟಿದಲ್ಲಿ ಒಂದು ಚಿಮಣಿ. ಹಗಲು ಹೊತ್ತು ಹಡಗಿನವರಿಗೆ ಈ ಕರಾವಳಿಯ ಗುರುತು ಹಿಡಿಯಲು ಲೈಟ್‌ಹೌಸಿಗಿಂತ ಆ ಚಿಮಣಿಯೇ ಸುಲಭ ಇರಬೇಕು. ಮಗ ಅರ್ಧ ನಿಮಿಷ ಸಮುದ್ರ ನೋಡಿ, ಹತ್ತು ನಿಮಿಷ ಫೋಟೊ ತೆಗೆದ. ನಾವೂ ಅವತ್ತು ನೀರಿಗಿಳಿಯುವ ಅವಸರದಲ್ಲೇ ಇದ್ದೆವಲ್ಲ, ಅವನನ್ನು ಏನನ್ನಲಿ?

ಈಗ ಇದರ ಅಗತ್ಯ ಉಂಟೇ ಎಂದು ಸಿಬ್ಬಂದಿಯನ್ನು ಕೇಳಿದೆ. ಹಡಗುಗಳಿಗೆ ಉಪಗ್ರಹದ ದಾರಿ ಇದೆ, ತಮ್ಮ ಇರವನ್ನು ತಾವೇ ಸಾರುವ ಯಂತ್ರವಿದೆ, ರೇಡಾರ್ ಇದೆ. ಅವರು ವಾದಕ್ಕಿಳಿಯಲಿಲ್ಲ. ಸೂರ್ಯ ಮುಳುಗುವಾಗ ದೀಪ ಹತ್ತಬೇಕು, ಬೆಳಗಾಗುವವರೆಗೆ ಗೊತ್ತುಮಾಡಿದ ಲೆಕ್ಕದಲ್ಲೇ ಮಿನುಗಬೇಕು, ಕರೆಂಟು ಹೋದರೆ ಬದಲಿ ವ್ಯವಸ್ಥೆ ಕೆಲಸ ಮಾಡಬೇಕು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು, ಅಷ್ಟು ತನ್ನ ಕೆಲಸ ಎಂದರು. ಕೆಳಗೆ ದೋಣಿ ಎಳೆಯುತ್ತಿದ್ದ ಹಿರಿಯರೊಬ್ಬರನ್ನೂ ಮಾತಾಡಿಸಿದೆ. "ಜಿಪಿಎಸ್ ಎಲ್ಲ ಉಂಟು. ದಡ ಹತ್ತಿರ ಬರುವಾಗ ಕಣ್ಣು ಮಾತ್ರ ಅಲ್ಲಿಗೇ ಹೋಗುವುದು" ಎಂದು ಗೋಪುರದ ಕಡೆ ಗದ್ದ ಎತ್ತಿದರು. ಯುದ್ಧದ ವಲಯಗಳಲ್ಲಿ ಉಪಗ್ರಹದ ಸಂಕೇತಕ್ಕೆ ಅಡ್ಡಿ ಮಾಡಿ ಹಡಗುಗಳ ದಾರಿ ತಪ್ಪಿಸುತ್ತಿರುವ ಸುದ್ದಿ ಓದಿದವರಿಗೆ ಅವರ ಮಾತು ಹಳೇ ಕಾಲದ್ದು ಅನ್ನಿಸಲಾರದು.

ಹಿಂದಿರುಗುವ ದಾರಿಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಒಂದೇ ವಿಷಯ. ಈ ವರ್ಷಗಳಲ್ಲಿ ಜಿಲ್ಲೆಗಳು ಒಡೆದವು, ತಾಲ್ಲೂಕುಗಳು ಹುಟ್ಟಿದವು, ಹೆದ್ದಾರಿಯ ನಂಬರು ಬದಲಾಯಿತು, ನಮ್ಮ ಕಡೆಯ ಗುಡ್ಡಗಳ ಆಕಾರವೇ ಬದಲಾಯಿತು. ಬದಲಾಗದೆ ಉಳಿದದ್ದು ಆ ಗೋಪುರ. ಅದು ಗಟ್ಟಿ ಕಲ್ಲಿನದು ಎಂಬುದು ಕಾರಣವಾಗಲಾರದು, ಕಲ್ಲು ಬೇಕಾದಷ್ಟು ನಮ್ಮಲ್ಲೂ ಇದೆ. ಅದಕ್ಕೊಂದು ದಿನನಿತ್ಯದ ಕೆಲಸವಿದೆ, ಆ ಕೆಲಸಕ್ಕೆ ಗೊತ್ತಾದ ಆದಾಯವಿದೆ, ದೀಪ ಹತ್ತದಿದ್ದರೆ ಯಾರನ್ನು ಕೇಳಬೇಕು ಎಂಬುದು ಎಲ್ಲರಿಗೂ ಗೊತ್ತಿದೆ.

ಕೆಲಸ ತಪ್ಪಿದ ಲೈಟ್‌ಹೌಸ್ ಏನಾಗುತ್ತದೆ ಎಂದು ನೋಡಬೇಕಾದರೆ ಮಂಗಳೂರಿನ ಬಾವುಟಗುಡ್ಡಕ್ಕೆ ಹೋಗಬಹುದು. ಅಲ್ಲಿನ ಹಳೆಯ ದೀಪಸ್ತಂಭ ಈಗ ಟ್ಯಾಗೋರ್ ಪಾರ್ಕಿನ ನಡುವೆ ನೋಡುವ ವಸ್ತುವಾಗಿ ನಿಂತಿದೆ. ಸುರತ್ಕಲ್ಲಿನಲ್ಲಿ 1972ರಲ್ಲಿ ಕಟ್ಟಿದ್ದು ಆ ಭಾಗದ ದೀಪದ ಕೆಲಸ ಮಾಡುತ್ತಿದೆ. ಬಾವುಟಗುಡ್ಡಕ್ಕೆ ಕನಿಷ್ಠ ಪಾರ್ಕಿನ ಆಸರೆ ಸಿಕ್ಕಿತು, ಸಂಜೆ ಜನ ಬರುತ್ತಾರೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ದೇಶದ 75 ಲೈಟ್‌ಹೌಸ್‌ಗಳಲ್ಲಿ ಪ್ರವಾಸಿಗರಿಗೆ ಸೌಲಭ್ಯ ಕಲ್ಪಿಸಿ ಉದ್ಘಾಟಿಸಿತು. ದೀಪದ ಕೆಲಸ ಕಡಿಮೆಯಾದರೂ ಜನರನ್ನು ಹತ್ತಿಸುವ ಕೆಲಸ ಇರಲಿ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ.

ನಮ್ಮ ಬಳ್ಳಾರಿ ಗುಡ್ಡಕ್ಕೆ ಬನ್ನಿ. ಮೇಲಿನ ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕನದು, ಕೆಳಕೋಟೆ ಹೈದರಾಲಿ ಕಟ್ಟಿಸಿದ್ದು. ಫ್ರೆಂಚ್ ಎಂಜಿನಿಯರ್ ಕೋಟೆ ಮುಗಿಸಿದ ಮೇಲೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಎಂದು ತಿಳಿದು ಹೈದರಾಲಿ ಅವನನ್ನು ಗಲ್ಲಿಗೇರಿಸಿದ ಎಂಬ ಕಥೆಯನ್ನು ಊರಿನ ಪ್ರತಿ ಆಟೋದವನೂ ಹೇಳುತ್ತಾನೆ. ಕಥೆ ಹೇಳುವವರಿಗೆ ಬರವಿಲ್ಲ. ಮೇಲೆ ಹತ್ತಿ ನೋಡಿದರೆ ನನಗೆ ಕಂಡದ್ದು ಗೋಡೆ ಗೋಡೆಗೂ ಬರೆದ ಪ್ರೇಮಿಗಳ ಹೆಸರು, ಒಡೆದ ಬಾಟಲಿ, ಬಿಸ್ಕತ್ತಿನ ಹಾಳೆ. ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿ. ದೊಡ್ಡಬಸವೇಶ್ವರ ಗುಡಿ ಜಾತ್ರೆ, ಪೂಜೆಯಿಂದ ಗಟ್ಟಿಯಾಗಿದೆ, ಏಕಶಿಲೆಯ ಆ ದೊಡ್ಡ ಬಸವಣ್ಣನಿಗೆ ದಿನಾ ಎಣ್ಣೆ ಬತ್ತಿ ಇದೆ. ಗುಡ್ಡದ ಬುಡದ ಹಳೆಯ ಗುಡಿಗಳಲ್ಲಿ ಪೂಜೆ ನಿಂತವು ಮಾತ್ರ ಮುಳ್ಳುಕಂಟಿಯ ಪಾಲು. ಸಿರುಗುಪ್ಪದ ಹತ್ತಿರ ಹೊಳೆ ದಂಡೆಯ ಕೆಂಚನಗುಡ್ಡದ ಹಳೆಯ ಕೋಟೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. ಕೆಲಸ ಉಳಿದ ಕಟ್ಟಡ ಉಳಿಯಿತು. ಕೆಲಸ ಹೋದದ್ದಕ್ಕೆ ಹೊಸ ಕೆಲಸ ಕೊಡುವವರು ಬರಲಿಲ್ಲ.

ಸ್ಮಾರಕ ಎಂದು ಬೋರ್ಡು ಹಾಕಿ, ಮುಟ್ಟಿದರೆ ದಂಡ ಎಂದು ಬರೆದು, ಅಲ್ಲಿ ಯಾರನ್ನೂ ನಿಲ್ಲಿಸದೆ ಹೋಗುವುದು ನಮಗೆ ಅಭ್ಯಾಸವಾಗಿದೆ. ಪ್ರತಿ ವರ್ಷ ಉತ್ಸವದ ಹೊತ್ತಿಗೆ ಒಂದು ದಿನ ಕಸ ಬಳಿದು ದೀಪದ ಸರ ಹಾಕುತ್ತೇವೆ. ಕಾಪುವಿನಲ್ಲಿ ನಾನು ಕಂಡ ವ್ಯವಸ್ಥೆಗೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಸಂಜೆ ಗೊತ್ತಾದ ಹೊತ್ತಿಗೆ ಬಾಗಿಲು ತೆರೆಯುವ, ಒಂದು ಟಿಕೆಟ್ ಹರಿಯುವ, ಮೇಲೆ ಎಷ್ಟು ಜನ ಹೋದರು ಎಂದು ಬರೆದಿಡುವ, ದೊಡ್ಡವರ ಫೋನಿಗೆ ಬಗ್ಗದ ಒಬ್ಬ ಮನುಷ್ಯ ಸಾಕು. ಬಳ್ಳಾರಿ ಗುಡ್ಡದ ಮೇಲೆ ನಿಂತರೆ ಊರು, ಬಯಲು, ಸಂಡೂರಿನ ಕಡೆಯ ಗುಡ್ಡಗಳ ಸಾಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಟಿಕೆಟ್ ಕೊಟ್ಟು ಹತ್ತುವ ಜನ ನಮ್ಮಲ್ಲೂ ಇದ್ದಾರೆ.

ಈಗಲೂ ನಮ್ಮ ಹೈಸ್ಕೂಲುಗಳಿಂದ ಡಿಸೆಂಬರಿನಲ್ಲಿ ಬಸ್ಸು ಕರಾವಳಿಗೆ ಹೊರಡುತ್ತದೆ. ಹೊರಡಲಿ, ಮಕ್ಕಳು ಸಮುದ್ರ ನೋಡಲಿ. ಮೇಷ್ಟ್ರುಗಳಿಗೆ ಎರಡೇ ವಿನಂತಿ. ದುಡ್ಡಿಲ್ಲದೆ ಉಳಿಯುವ ಮಕ್ಕಳಿಗಾಗಿ ವಂತಿಗೆ ಮೊದಲೇ ಎತ್ತಿಡಿ. ಬಸ್ಸು ಘಟ್ಟ ಇಳಿಯುವ ಮೊದಲು ಎಲ್ಲರನ್ನೂ ಒಂದು ಸಲ ಬಳ್ಳಾರಿ ಗುಡ್ಡ ಹತ್ತಿಸಿ.